ಮಣೆಯ ಮೇಲೆ ಯಾರೂ ಇಲ್ಲ

ಆ ಊರಿಗೆ ಹೆಸರಿರಲಿಲ್ಲ, ಊರಿನ ಜನಕ್ಕೂ ಇರಲಿಲ್ಲ. ಇದ್ದದ್ದು ಸಂಖ್ಯೆ. ಹುಟ್ಟಿದ ಮಗುವಿಗೆ ಒಂದು ಸಂಖ್ಯೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಉಸಿರಿರುವ ತನಕ ಅದೇ. ಒಂಬತ್ತು ಎಂದು ಕಟ್ಟಿದರೆ ಮದುವೆಯ ವಯಸ್ಸಿಗೆ ಒಂಬತ್ತಕ್ಕ, ಹಲ್ಲು ಬಿದ್ದ ಮೇಲೆ ಒಂಬತ್ತಜ್ಜಿ. ಇಷ್ಟರಲ್ಲೇ ಎಲ್ಲರ ಬದುಕೂ ಮುಗಿಯುತ್ತಿದ್ದುದರಿಂದ ಯಾರಿಗೂ ಅದರಲ್ಲಿ ಕೊರತೆ ಕಾಣುತ್ತಿರಲಿಲ್ಲ.

ಊರ ನಡುವೆ ಒಂದು ಮಂಟಪ, ಮಂಟಪದ ನಡುವೆ ಒಂದು ಮಣೆ. ಮಣೆಯ ಮೇಲೆ ಯಾರೂ ಇಲ್ಲ. ಊರು ಕಟ್ಟಿದ ಹಿರಿಯರು ಬಿಟ್ಟುಹೋದದ್ದು ಈ ಮಣೆಯನ್ನು ಮತ್ತು ಒಂದು ವಾಕ್ಯವನ್ನು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಠಣದವನು ಮಣೆಯ ಮುಂದೆ ನಿಂತು ಆ ವಾಕ್ಯವನ್ನು ಹೇಳುತ್ತಿದ್ದ:

"ಮಣೆಯ ಮೇಲಿರುವವರನ್ನು ಅವರಷ್ಟೇ ಸಲ ಇಡು. ಮಣೆಯ ಮೇಲಿರುವವರನ್ನು ಎಂಟು ಸಲ ತೆಗೆ. ಆಮೇಲೆ ಹದಿನೈದು ಇಡು."

ಇಡುವುದಕ್ಕೆ ಬಿಳಿ ಕಲ್ಲು, ತೆಗೆಯುವುದಕ್ಕೆ ಕರಿ ಕಲ್ಲು. ಒಂದು ಕರಿ ಕಲ್ಲು ಒಂದು ಬಿಳಿ ಕಲ್ಲನ್ನು ತಿಂದು ಹಾಕುತ್ತದೆ, ಆಗ ಎರಡನ್ನೂ ಜೊತೆಯಾಗಿ ಚರಂಡಿಗೆ ಎಸೆಯಬೇಕು. ಅದಕ್ಕೆಂದೇ ಒಬ್ಬ ತಟ್ಟೆಯವನಿದ್ದ. ಪಠಣದವನು ಮಣೆಯ ಕಡೆ ನೋಡಿ "ಯಾರೂ ಇಲ್ಲ" ಎನ್ನುತ್ತಿದ್ದ, ತಟ್ಟೆಯವನು ಏನೂ ಇಡುತ್ತಿರಲಿಲ್ಲ. ಮತ್ತೆ ನೋಡಿ "ಯಾರೂ ಇಲ್ಲ" ಎನ್ನುತ್ತಿದ್ದ, ತಟ್ಟೆಯವನು ಏನೂ ತೆಗೆಯುತ್ತಿರಲಿಲ್ಲ. ಕೊನೆಗೆ ಹದಿನೈದು ಬಿಳಿ ಕಲ್ಲು ತಟ್ಟೆಗೆ ಬೀಳುತ್ತಿದ್ದವು. ಊರಿನವರು ಆ ಹದಿನೈದಕ್ಕೆ ಕೈಮುಗಿದು ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಮಣೆಯ ಮೇಲೆ ಯಾರೂ ಕೂರಬಾರದೆಂದು ಯಾವ ಹಿರಿಯನೂ ಹೇಳಿರಲಿಲ್ಲ. ಆದರೆ ಯಾರೂ ಕೂತದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅದೇ ಕಟ್ಟಳೆಯಾಗಿ, ಆಮೇಲೆ ಭಕ್ತಿಯೂ ಆಗಿಬಿಟ್ಟಿತ್ತು.

ಮಂಟಪದ ಮೂರು ಕಡೆ ಮೂರು ಚಾವಡಿಗಳು. ಮೂರರ ಬಾಗಿಲೂ ಬೇರೆ ಬೇರೆ ದಿಕ್ಕಿಗೆ. ಒಬ್ಬ ಯಜಮಾನರ ಮನೆಯ ನೀರು ಇನ್ನೊಬ್ಬ ಯಜಮಾನರ ಗಂಟಲಿಗಿಳಿಯುತ್ತಿರಲಿಲ್ಲ.

ಮೊದಲನೆಯದು ಭಾಗದ ಚಾವಡಿ. ಸಂಖ್ಯೆ ಕಟ್ಟಿದ ದಿನ ಅವರು ಮಗುವಿಗೆ ಒಂದು ಕೋಲು ಕೊಡುತ್ತಿದ್ದರು. ಒಂಬತ್ತರವಳ ಕೋಲಿಗೆ 'ಮಣೆಗೆ ಒಂಬತ್ತು ಕಡಿಮೆ' ಎಂದು ಹೆಸರು, ಎಂಟರವನ ಕೋಲಿಗೆ 'ಮಣೆಗೆ ಎಂಟು ಕಡಿಮೆ'. ಮಣೆಯ ಮೇಲೆ ಎಷ್ಟಿದೆ ಎಂದು ಗೊತ್ತಿಲ್ಲದ್ದರಿಂದ ಕೋಲು ಎಷ್ಟುದ್ದ ಎಂದೂ ಯಾರಿಗೂ ಗೊತ್ತಿಲ್ಲ. ಆದರೂ ಅದೇ ಕೋಲಿನಿಂದ ಊರ ವಾಕ್ಯವನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆಯುತ್ತಿದ್ದರು. ಅಳೆ, ಕಳೆ, ಕೆಳಗಿಳಿಸು. ಅಳೆ, ಕಳೆ, ಕೆಳಗಿಳಿಸು. ಅಳೆದದ್ದಕ್ಕೊಂದು ಹಬ್ಬ, ಕಳೆದದ್ದಕ್ಕೊಂದು ಉಪವಾಸ, ಕೆಳಗಿಳಿಸುವುದಕ್ಕೆ ಒಳ್ಳೆಯ ಮುಹೂರ್ತ. ಹೀಗಾಗಿ ಮಗು ಅಂಬೆಗಾಲಿಡುವಾಗ ಶುರುವಾದ ಭಾಗಾಕಾರ ಅದಕ್ಕೆ ಗಂಡು ನೋಡುವ ಹೊತ್ತಿಗೆ ಮುಗಿಯುತ್ತಿತ್ತು. ಕೋಲಿಗೆ ಸಿಕ್ಕಿದಷ್ಟು ಸಿಕ್ಕಿ, ಸಿಗದೆ ಉಳಿದದ್ದು ಬಿಳಿ ಕಲ್ಲುಗಳಾಗಿ ಹಿತ್ತಾಳೆ ತಟ್ಟೆಯಲ್ಲಿ ಕೂತಿರುತ್ತಿತ್ತು.

ಆ ತಟ್ಟೆಯನ್ನು ಕಿಟಕಿಯಿಂದ ಈಸಿಕೊಳ್ಳುವವರು ಶೇಷದ ಚಾವಡಿಯವರು. ಅವರು ಕಲ್ಲು ಎಣಿಸಿ, ಚೀಲದಲ್ಲಿ ಹಾಕಿ, ಬಾಯಿ ಹೊಲಿದು ಬೆನ್ನಿಗೆ ಕಟ್ಟುತ್ತಿದ್ದರು. ಆ ಚೀಲ ಇಳಿಯುವುದು ಹೆಣ ತೊಳೆಯುವಾಗಲೇ. ಕಲ್ಲು ಎಲ್ಲಿಂದ ಬಂತೆಂದು ಕೇಳುವುದು ಅವರ ಕೆಲಸವಲ್ಲ. ಇನ್ನೊಬ್ಬರ ಚೀಲದಲ್ಲಿ ಎಷ್ಟಿದೆ ಎಂದು ಕೇಳುವುದು ಊರಿನಲ್ಲಿ ಮರ್ಯಾದಸ್ಥರ ಕೆಲಸವಲ್ಲ.

ಮೂರನೆಯವರು ಪರಿಹಾರದ ಚಾವಡಿಯವರು. ಒಂದಲ್ಲ ಒಂದು ದಿನ ವಾಕ್ಯ ತಣ್ಣಗಾಗುತ್ತದೆ, ಆಗ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಹಾಗೆ ಮಾಡುವವರೇ ಪರಿಹಾರ, ಅವರು ಬಹಳ ದೂರದಿಂದ ಬರುತ್ತಾರೆ ಎಂದು ಅವರು ನಂಬಿದ್ದರು. ಅದಕ್ಕಾಗಿ ತಲೆಮಾರುಗಳಿಂದ ಮಾಳಿಗೆಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ದಾರಿಯಲ್ಲಿ ಧೂಳೇಳುತ್ತದೆಯೇ ಎಂದು ನೋಡುತ್ತಿದ್ದರು. ಧೂಳು ಏಳುತ್ತಿತ್ತು. ಬರುತ್ತಿದ್ದದ್ದು ಎಮ್ಮೆಗಳು.

ಈ ಊರಿನಲ್ಲಿ ಒಂಬತ್ತಕ್ಕನಿಗೆ ಹೆಣ್ಣು ಮಗುವಾಯಿತು.

ಒಂಬತ್ತಕ್ಕನ ಬೆನ್ನ ಮೇಲೆ ಇಪ್ಪತ್ತನಾಲ್ಕು ಕಲ್ಲು. ಹೆರಿಗೆ ನೋವಿನಲ್ಲಿ ಹೊರಳಾಡುವಾಗಲೂ ಸೂಲಗಿತ್ತಿ ಚೀಲ ಬಿಚ್ಚಿರಲಿಲ್ಲ, ಬಿಚ್ಚುವಂತಿರಲಿಲ್ಲ. ಮಗುವನ್ನು ಎತ್ತಿಕೊಂಡು ಅವಳು ಮೊದಲು ನೋಡಿದ್ದು ಮೂಗು ಯಾರ ಹಾಗಿದೆ ಎಂದಲ್ಲ. ಅಂಗೈಯಗಲದ ಆ ಬೆನ್ನನ್ನು ನೋಡಿದಳು. ನೋಡಿ ಅವಳಿಗೆ ಭಯವಾಯಿತು.

ಭಯಕ್ಕೆ ಕಾರಣವಿತ್ತು. ಯಾವುದೋ ಕಾಲದಲ್ಲಿ ಯಾರೋ ಒಬ್ಬಳು ತನ್ನ ಮಗನಿಗೆ ತನಗಿಂತ ಒಂದು ಹೆಚ್ಚಿನ ಸಂಖ್ಯೆ ಕಟ್ಟಿ ಬೀಗಿದ್ದಳು. ಪಕ್ಕದ ಮನೆಯವಳು ಬಿಡುತ್ತಾಳೆಯೇ? ಅಂದಿನಿಂದ ದೊಡ್ಡ ಸಂಖ್ಯೆಯೇ ದೊಡ್ಡಸ್ತಿಕೆ. ಒಂಬತ್ತಕ್ಕನ ಗಂಡ ಎಂಟಣ್ಣ ಸಾಧು ಮನುಷ್ಯ, ಆದರೆ ಈ ವಿಷಯದಲ್ಲಿ ಅವನೂ ಊರಿನವನೇ. ನಮ್ಮ ಮನೆತನದಲ್ಲಿ ಮೊದಲನೆಯ ಹತ್ತು ಎಂದು ಬೀದಿಯಲ್ಲೆಲ್ಲ ಸಾರಿ, ನೆಂಟರಿಗೆ ಹೇಳಿಕಳಿಸಿ, ಸಂಖ್ಯೆ ಕಟ್ಟುವ ದಾರಕ್ಕೆ ಅರಿಶಿನ ಹಚ್ಚಿ ಒಣಗಿಹಾಕಿದ್ದ. ಅವನ ಬೆನ್ನ ಮೇಲೆ ಹದಿನೈದು ಕಲ್ಲು, ಹೆಂಡತಿಯ ಬೆನ್ನ ಮೇಲೆ ಇಪ್ಪತ್ತನಾಲ್ಕು. ಹತ್ತಕ್ಕೆ ಎಷ್ಟಾದೀತು ಎಂದು ಅವಳು ಕೇಳಿದರೆ, ಅದು ಭಾಗಾಕಾರ ಮುಗಿದಾಗ ತಿಳಿಯುತ್ತದೆ, ಈಗಲೇ ಅದನ್ನೆಲ್ಲ ಯೋಚಿಸಿ ಹಾಲು ಬತ್ತಿಸಿಕೊಳ್ಳಬೇಡ ಎಂದು ಅಕ್ಕರೆಯಿಂದಲೇ ಹೇಳಿದ.

ಅವಳು ಯೋಚಿಸಿದಳು. ದೊಡ್ಡದಕ್ಕೆ ಭಾರ ಹೆಚ್ಚಾದರೆ ಚಿಕ್ಕದಕ್ಕೆ ಹಗುರ ತಾನೇ? ಹಾಗಿದ್ದರೆ ಒಂದು ಎಂದೇ ಕಟ್ಟಿಬಿಡೋಣ, ಊರು ನಕ್ಕರೆ ನಗಲಿ. ಊರಾಚೆ ಒಂದರ ಮುದುಕನೊಬ್ಬ ಬುಟ್ಟಿ ಹೆಣೆಯುತ್ತಿದ್ದ. ಅವನ ಹತ್ತಿರ ಹೋಗಿ, ಕೇಳಬಾರದ್ದನ್ನು ಕೇಳಿಬಿಟ್ಟಳು. ಮುದುಕ ಬೇಸರಪಟ್ಟುಕೊಳ್ಳಲಿಲ್ಲ. ತನ್ನನ್ನು ಯಾರಾದರೂ ಏನಾದರೂ ಕೇಳಿ ಬಹಳ ಕಾಲವಾಗಿತ್ತು.

"ಎಂಟಿದಾವೆ ಕಣವ್ವ" ಎಂದ.

ಪಕ್ಕದ ಮನೆಯ ಏಳಕ್ಕ ಸತ್ತಾಗ ಚೀಲ ಬಿಚ್ಚಿ ಎಣಿಸಿದವಳು ಒಂಬತ್ತಕ್ಕನೇ. ಅಲ್ಲೂ ಎಂಟೇ ಇದ್ದವು. ಒಂದಕ್ಕೂ ಎಂಟು, ಏಳಕ್ಕೂ ಎಂಟು ಎಂದರೆ ಇದರಲ್ಲಿ ಏನು ನ್ಯಾಯವೋ ಅವಳಿಗೆ ತಿಳಿಯಲಿಲ್ಲ. ಚಿಕ್ಕದು ಹಗುರ ಎಂಬ ಒಂದೇ ಆಸೆಯೂ ಹೋಯಿತು.

ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಚಾವಡಿಗಳನ್ನು ಹತ್ತಿದಳು. ಯಾವ ಸಂಖ್ಯೆ ಕಟ್ಟಿದರೆ ಕಲ್ಲು ಉಳಿಯುವುದಿಲ್ಲ ಎಂದು ಕೇಳಿದಳು. ಭಾಗದ ಯಜಮಾನರು ಅಳೆಯುವುದು ಬಿಟ್ಟು ಬೇರೆ ತಿಳಿಯದು ಎಂದರು. ಸಂಖ್ಯೆ ಕಟ್ಟು, ಕೋಲು ತೊಗೊ, ಮಗಳು ದೊಡ್ಡವಳಾಗಲಿ, ಅಷ್ಟರಲ್ಲಿ ಅಳೆದು ಮುಗಿಸುತ್ತೇವೆ, ಉಳಿದದ್ದರ ಮಾತು ಶೇಷದವರದ್ದು. ಶೇಷದ ಯಜಮಾನರು ತಟ್ಟೆ ಬಂದ ಮೇಲಷ್ಟೇ ತಮ್ಮ ಬಾಯಿ ತೆರೆಯುವುದು ಎಂದರು; ಏನೂ ಉಳಿಯಬಾರದು ಎಂಬ ಆಸೆಯೇ ತಮ್ಮ ಚಾವಡಿಗೆ ಮಾಡುವ ಅವಮಾನವೆಂದು ಸ್ವಲ್ಪ ಮುಖವನ್ನೂ ಗಂಟಿಕ್ಕಿದರು. ಪರಿಹಾರದ ಯಜಮಾನರು ಮಾಳಿಗೆಯಿಂದ ಇಳಿಯದೆಯೇ ಮಾತಾಡಿದರು.

"ನೋಡಮ್ಮ, ಪರಿಹಾರ ಅನ್ನೋದು ಬಹಳ ದೊಡ್ಡ ವಿಷಯ. ಅದಕ್ಕೂ ಈ ಅಳೆಯೋದು, ಉಳಿಯೋದು, ಇಂಥ ಚಿಲ್ಲರೆ ವ್ಯವಹಾರಕ್ಕೂ ಏನೂ ಸಂಬಂಧವಿಲ್ಲ."

ಹೇಳಿ ಮತ್ತೆ ದಾರಿಯ ಕಡೆ ಕಣ್ಣು ನೆಟ್ಟರು.

ಸುಸ್ತಾಗಿ ಅವಳು ಶೇಷದ ಚಾವಡಿಯ ಜಗಲಿಯ ಮೇಲೆ ಕೂತಳು. ಅಲ್ಲಿ ಮೂರಜ್ಜಿ ಮೊದಲೇ ಕೂತಿದ್ದಳು. ಮೂರಜ್ಜಿ ಆ ಜಗಲಿಯ ಮೇಲೆ ಇಲ್ಲದ ದಿನವನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವಳ ಕೆಲಸ ಇನ್ನೂ ಮುಗಿದಿಲ್ಲ, ಅವಳದೇನೋ ಐಬಿನ ಸಂಖ್ಯೆ ಎಂದು ಜನ ಮರುಗುತ್ತಿದ್ದರು. ಒಂಬತ್ತಕ್ಕ ಅವಳನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಆದರೆ ಅವಳ ಬೆನ್ನನ್ನು ನೋಡಿದ್ದು ಅವತ್ತೇ. ಅದು ನೆಟ್ಟಗಿತ್ತು, ಅದರ ಮೇಲೆ ಚೀಲವಿರಲಿಲ್ಲ.

"ಅಜ್ಜಿ, ನಿಮ್ಮ ಚೀಲ ಎಲ್ಲಿ?"

"ಎಲ್ಲಿ ಕೊಟ್ಟರು ತಾಯಿ? ಎಷ್ಟು ಸಲ ಭಾಗಿಸಿದರೂ ತಟ್ಟೆ ಖಾಲಿ. ಇವರು ಖಾಲಿ ತಟ್ಟೆ ಮುಟ್ಟಲ್ಲ. ಎಲ್ಲೋ ತಪ್ಪಾಗಿದೆ, ಮತ್ತೆ ಭಾಗಿಸ್ಕೊಂಡು ಬಾ ಅಂತ ವಾಪಸು ಕಳಿಸ್ತಾರೆ. ಅವರು ಮತ್ತೆ ಶುರು ಮಾಡ್ತಾರೆ. ನನ್ನ ಆಯಸ್ಸೆಲ್ಲ ಈ ಜಗಲಿಗೂ ಆ ಜಗಲಿಗೂ ಓಡಾಡಿದ್ದೇ ಆಯ್ತು."

ಅಜ್ಜಿಯ ಗಂಡ ಐದರವನಂತೆ. ಅವನದೂ ಇದೇ ಪಾಡು. ಇದೇ ಜಗಲಿಯ ಮೇಲೆ ಕಾಯುತ್ತ ಕಾಯುತ್ತ ಒಂದು ದಿನ ಗೋಡೆಗೆ ಒರಗಿಕೊಂಡವನು ಏಳಲಿಲ್ಲ. ಅವನ ಮಾತು ಬಂದಾಗ ಅಜ್ಜಿಯ ದನಿ ಮೆತ್ತಗಾಯಿತು.

"ನನ್ನ ಕೋಲಿಂದ ವಾಕ್ಯ ಅಳೆದರೆ ಸರಿಯಾಗಿ ಅವರ ಕೋಲು ಬರ್ತಿತ್ತು. ಅವರ ಕೋಲಿಂದ ಅಳೆದರೆ ನನ್ನ ಕೋಲು. ಒಂದು ಚೂರು ಮಿಕ್ಕುತ್ತಿರಲಿಲ್ಲ. ಊರ ವಾಕ್ಯ ಅಂದರೆ ನಾವಿಬ್ಬರೇ ಕಣೇ ಅಂತ ತಮಾಷೆ ಮಾಡೋರು, ಪಾಪ."

ಒಂಬತ್ತಕ್ಕ ಮಗುವನ್ನು ತೊಡೆಯಿಂದ ತೊಡೆಗೆ ಬದಲಾಯಿಸಿಕೊಂಡಳು. ಮೂರು ಚಾವಡಿಯವರೂ ಇಲ್ಲವೆಂದದ್ದು ಇಲ್ಲಿ ಮೂರೂ ಚಾವಡಿಗಳ ನಡುವೆ, ಎಲೆಯಡಿಕೆ ಕುಟ್ಟುತ್ತ ಕೂತಿತ್ತು. ವಾಕ್ಯವನ್ನು ಸರಿಯಾಗಿ ಭಾಗಿಸುವವಳೂ ಇವಳೇ, ಶೇಷವಿಲ್ಲದವಳೂ ಇವಳೇ. ಹಾಗಾದರೆ ದೂರದಿಂದ ಬರಬೇಕಾದವಳೂ ಇವಳೇ ಇರಬಹುದೇ ಎಂಬ ಅನುಮಾನ ಅವಳಿಗೆ ಬಂತು. ಆದರೆ ಅನುಮಾನದ ಮೇಲೆ ಮಗಳ ಬೆನ್ನನ್ನು ಪಣಕ್ಕಿಡುವುದು ಹೇಗೆ?

ಸಂಜೆಯ ಪಠಣದ ಹೊತ್ತಾಯಿತು. ಇಬ್ಬರೂ ಮಂಟಪಕ್ಕೆ ಹೋದರು. ಜನ ತುಂಬಿದ್ದರು. ಮೂರಜ್ಜಿಗೆ ಕಣ್ಣು ಮಂಜು, ಮೊಣಕಾಲು ನೋವು. ಜನರ ನಡುವೆ ತೂರಿ ಹೋಗಿ, ಕೈಯಿಂದ ತಡವುತ್ತ, ಇಲ್ಲಿ ಕೂರಬಹುದೇ ತಾಯಿ ಎಂದು ಕೇಳಿದಳು. ಅವಳ ಕೈ ಮುಟ್ಟಿದ್ದು ಮಣೆಯನ್ನು. ಒಂಬತ್ತಕ್ಕ ನೋಡಿದಳು. ತಡೆಯಬಹುದಿತ್ತು, ತಡೆಯಲಿಲ್ಲ.

"ಕೂತ್ಕೊಳ್ಳಿ ಅಜ್ಜಿ" ಎಂದಳು.

ಅಜ್ಜಿ ಕೂತಳು. ಅಷ್ಟರಲ್ಲಿ ಪಠಣ ಶುರುವಾಗಿತ್ತು, ಶುರುವಾದ ಪಠಣವನ್ನು ನಿಲ್ಲಿಸುವ ಪದ್ಧತಿ ಇರಲಿಲ್ಲ. ಮಣೆಯ ಮೇಲಿರುವವರನ್ನು ಅವರಷ್ಟೇ ಸಲ ಇಡು ಎಂದು ಪಠಣದವನು ಮಣೆಯ ಕಡೆ ನೋಡಿದ. ಅವನ ಬಾಯಲ್ಲಿ 'ಯಾರೂ ಇಲ್ಲ' ತಯಾರಾಗಿ ನಿಂತಿತ್ತು, ಆದರೆ ಮಂಟಪದಲ್ಲಿ ಸುಳ್ಳು ಹೇಳುವ ಪದ್ಧತಿಯೂ ಇರಲಿಲ್ಲ. "ಮೂರು" ಎಂದ. ತಟ್ಟೆಯವನು ಹುಟ್ಟಿ ಮೊದಲ ಬಾರಿಗೆ ಆ ಮಾತಿಗೆ ಕೈಯಾಡಿಸಿ, ಮೂರು ಸಲ ಮೂರು, ಒಂಬತ್ತು ಬಿಳಿ ಕಲ್ಲು ಇಟ್ಟ. ಎಂಟು ಸಲ ತೆಗೆ ಎಂದಾಗ ಇಪ್ಪತ್ತನಾಲ್ಕು ಕರಿ ಕಲ್ಲು ಸುರಿದ. ಅವು ಒಂಬತ್ತು ಬಿಳಿಯನ್ನು ತಿಂದವು. ಜೋಡಿ ಜೋಡಿಯಾಗಿ ಚರಂಡಿಗೆ ಎಸೆದ. ಹದಿನೈದು ಕರಿ ಉಳಿದವು. ಆಮೇಲೆ ಹದಿನೈದು ಇಡು ಎಂದಾಗ ಹದಿನೈದು ಬಿಳಿ ಇಟ್ಟ. ಅವೂ ಜೋಡಿ ಜೋಡಿಯಾಗಿ ಚರಂಡಿ ಸೇರಿದವು.

ತಟ್ಟೆಯಲ್ಲಿ ಏನೂ ಇರಲಿಲ್ಲ. ಕೈಮುಗಿಯಲು ಎತ್ತಿದ ಕೈಗಳನ್ನು ಜನ ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತರು. ಅಜ್ಜಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

ಮೊದಲು ಓಡಿಬಂದವರು ಭಾಗದವರು. ಈಕೆ ವಾಕ್ಯವನ್ನು ಚೂರೂ ಮಿಗದಂತೆ ಭಾಗಿಸುವವಳು, ಆದ್ದರಿಂದ ನಮ್ಮವಳು ಎಂದರು. ಶೇಷದವರು ಬಿಡಲಿಲ್ಲ; ಏನೂ ಇಲ್ಲದಿರುವುದೂ ಒಂದು ಶೇಷವೇ, ಅದನ್ನು ಕಾಯುವ ಹಕ್ಕು ನಮ್ಮದು ಎಂದರು. ನಿನ್ನೆಯ ತನಕ ಖಾಲಿ ತಟ್ಟೆಯನ್ನು ಮುಟ್ಟದವರು ಇವರೇ ಅಲ್ಲವೇ ಎಂದು ಕೇಳಲು ಯಾರಿಗೂ ನೆನಪಾಗಲಿಲ್ಲ. ಪರಿಹಾರದ ಯಜಮಾನರು ಮಾಳಿಗೆಯಿಂದ ಇಳಿದು ಬರುವುದಕ್ಕೆ ಸ್ವಲ್ಪ ಹೊತ್ತಾಯಿತು, ಇಳಿದ ಅಭ್ಯಾಸವಿರಲಿಲ್ಲ. ಬಂದವರೇ ಅಜ್ಜಿಯ ಕಾಲಿಗೆ ಅಡ್ಡಬಿದ್ದು, ಕಡೆಗೂ ದೂರದಿಂದ ಬಂದೆಯಾ ತಾಯಿ ಎಂದು ಕಣ್ಣೀರಿಟ್ಟರು. ಯಾರೋ ಈಕೆ ಮೂರನೇ ಬೀದಿಯವಳು ಎಂದರು. ಅದೂ ದೂರವೇ ಎಂದು ಯಜಮಾನರು ಉತ್ತರ ಕೊಟ್ಟರು.

ಜಗಳ ಬೆಳೆದು, ಬೇಗನೇ ಬಗೆಹರಿಯಿತು. ಮೂರು ಚಾವಡಿಯವರೂ ಸೇರಿ ಅಜ್ಜಿಗೆ ಒಂದು ಕೋಣೆ ಗೊತ್ತುಮಾಡಿದರು, ಅದಕ್ಕೆ ಮೂರು ಬೀಗ ಹಾಕಿದರು, ಚಾವಡಿಗೊಂದರಂತೆ ಬೀಗದ ಕೈ ಇಟ್ಟುಕೊಂಡರು. ಮೂವರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಮೂವರೂ ಒಟ್ಟಿಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಊಟ ಕಿಟಕಿಯಿಂದ. ಅಜ್ಜಿಯನ್ನು ಮೇನೆಯಲ್ಲಿ ಕೂರಿಸಿ ಹೊತ್ತೊಯ್ಯುವಾಗ ಅವಳು ಮನೆಯಲ್ಲಿ ಗಂಜಿ ಒಲೆಯ ಮೇಲಿದೆ ಎಂದು ಹೇಳುತ್ತಲೇ ಇದ್ದಳು. ಜನ ಅದನ್ನೂ ದೊಡ್ಡ ಮಾತೆಂದು ಕೇಳಿಸಿಕೊಂಡರು. ಒಂಬತ್ತಕ್ಕನ ಎದುರು ಬಂದಾಗ ಮಾತ್ರ ಅಜ್ಜಿ ಕೈಚಾಚಿ ಮಗುವಿನ ಬೆನ್ನು ಮುಟ್ಟಿದಳು.

"ಮೂರು ಬೇಡ ಕಣೇ. ಐದೂ ಬೇಡ" ಎಂದಳು.

ಅಂದೇ ಡಂಗುರ ಸಾರಿದರು. ಪರಿಹಾರ ಒಂದು ಸಿಕ್ಕಿದೆ, ಇನ್ನೂ ಇರಬಹುದು. ಇನ್ನು ಮೇಲೆ ಸಂಖ್ಯೆ ಕಟ್ಟುವ ಪ್ರತಿ ಮಗುವನ್ನೂ ಮಣೆಯ ಮೇಲೆ ಕೂರಿಸಿ ನೋಡತಕ್ಕದ್ದು. ಇದು ಅನಾದಿ ಕಾಲದ ಪದ್ಧತಿ ಎಂದೂ ಸೇರಿಸಿದರು.

ಮೊದಲ ಮಗು ಒಂಬತ್ತಕ್ಕನದೇ, ಮರುದಿನವೇ.

ಮನೆಗೆ ಬಂದವಳು ಅಡುಗೆಮನೆಯಲ್ಲಿ ಕೂತು ಅತ್ತಳು. ಅಜ್ಜಿಯನ್ನು ಕೂರಿಸಿದ್ದು ತಾನೇ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಅಳು ನಿಂತ ಮೇಲೆ ಡಬ್ಬಿಯಿಂದ ಅವರೆಕಾಳು ತೆಗೆದಳು, ಗಡಿಗೆಯಿಂದ ಹುಣಿಸೆಬೀಜ ತೆಗೆದಳು. ಕಾಳು ಬಿಳಿ ಕಲ್ಲಿಗೆ, ಬೀಜ ಕರಿ ಕಲ್ಲಿಗೆ. ಒಲೆಯ ಮುಂದಿನ ಮಣೆಯ ಮೇಲೆ ಮೊದಲು ತನ್ನನ್ನೇ ಕೂರಿಸಿಕೊಂಡಳು. ಒಂಬತ್ತು ಸಲ ಒಂಬತ್ತು ಕಾಳು. ಎಂಟು ಸಲ ಒಂಬತ್ತು ಬೀಜ. ಮೇಲೆ ಹದಿನೈದು ಕಾಳು. ಜೋಡಿಗಳನ್ನು ಸರಿಸಿ ಎಣಿಸಿದಳು. ಇಪ್ಪತ್ತನಾಲ್ಕು ಕಾಳು ಉಳಿದವು.

ಅವಳ ಬೆನ್ನ ಮೇಲಿದ್ದದ್ದೂ ಅಷ್ಟೇ. ತನ್ನ ಬಾಲ್ಯವೆಲ್ಲ ಅಳೆದು, ಕಳೆದು, ಕೆಳಗಿಳಿಸಿ ಚಾವಡಿಯವರು ಕಂಡುಹಿಡಿದದ್ದು ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಕೈಗೆ ಬಂದಿತ್ತು. ಇದು ಹೇಗೆ ಎಂದು ಮೂಲೆಯಲ್ಲಿದ್ದ ತನ್ನ ಕೋಲನ್ನು ಎತ್ತಿಕೊಂಡಳು. ಅದರ ಹೆಸರು ಮಣೆಗೆ ಒಂಬತ್ತು ಕಡಿಮೆ. ಒಂಬತ್ತರವಳೇ ಮಣೆಯ ಮೇಲೆ ಕೂತರೆ ಒಂಬತ್ತಕ್ಕೆ ಒಂಬತ್ತು ಕಡಿಮೆ. ಅಂದರೆ ಕೋಲೇ ಇಲ್ಲ. ಕೋಲೇ ಇಲ್ಲದ ಮೇಲೆ ಆ ಕೋಲಿನಿಂದ ಅಳೆದದ್ದೆಲ್ಲ, ಎಷ್ಟು ಸಲ ಅಳೆದಿದ್ದರೂ, ಏನೂ ಇಲ್ಲ. ಅಳತೆಗೆ ಸಿಗದೆ ಉಳಿದ ಕಲ್ಲಷ್ಟೇ ತಟ್ಟೆಯಲ್ಲಿ ನಿಲ್ಲುತ್ತದೆ. ಆ ಕಲ್ಲೂ ಇಲ್ಲದಿದ್ದರೆ ವಾಕ್ಯ ಆ ಕೋಲಿನಿಂದಲೇ ಕಟ್ಟಿದ್ದು, ಆ ಕೋಲಿನವರೇ ಪರಿಹಾರ. ಭಾಗವೂ ಶೇಷವೂ ಪರಿಹಾರವೂ ಒಂದೇ ಮಣೆಯನ್ನು ಮೂರು ಕಿಟಕಿಯಿಂದ ನೋಡಿದ್ದು. ಇದು ತಿಳಿದಾಗ ಅವಳಿಗೆ ನಗು ಬಂತು, ಆಮೇಲೆ ಕೋಪ ಬಂತು. ಆಮೇಲೆ ಮಗು ಅತ್ತಿತು, ಹಾಲು ಕೊಟ್ಟಳು.

ಹಾಲು ಕೊಡುತ್ತಲೇ ಒಂದು ಕೈಯಲ್ಲಿ ಲೆಕ್ಕ ನಡೆಸಿದಳು. ಹತ್ತಕ್ಕೆ ಮೂವತ್ತೈದು ಕಾಳು. ಐದನ್ನು ಕೂರಿಸಿದಳು, ಏನೂ ಉಳಿಯಲಿಲ್ಲ. ಐದು ಅಂದರೆ ಹಗುರವಾದ ಬೆನ್ನು, ಮೂರು ಬೀಗ, ಕಿಟಕಿಯಿಂದ ಊಟ. ಆರನ್ನು ಕೂರಿಸಿದಳು, ಮೂರು ಕಾಳು ಉಳಿದವು. ಮೂರೇ ಕಲ್ಲು, ಹೊರಬಹುದು, ಬೀಗವೂ ಇಲ್ಲ. ಆರೇ ಸರಿ ಎಂದು ಮನಸ್ಸು ಮಾಡಿಕೊಂಡು ಕಾಳು ಬಾಚಲು ಹೋದವಳು, ಮೂರು ಐದರ ನಡುವಿನದು ಬಾಕಿಯಿದೆಯಲ್ಲ ಎಂದು ನಾಲ್ಕನ್ನೂ ಕೂರಿಸಿದಳು. ಹದಿನಾರು ಕಾಳು. ಮೂವತ್ತೆರಡು ಬೀಜ. ಹದಿನೈದು ಕಾಳು. ಜೋಡಿಗಳನ್ನೆಲ್ಲ ಸರಿಸಿದ ಮೇಲೆ ನೆಲದ ಮೇಲೆ ಒಂದು ಹುಣಿಸೆಬೀಜ ಉಳಿದಿತ್ತು. ತಪ್ಪಿರಬೇಕೆಂದು ಮತ್ತೆ ಎಣಿಸಿದಳು, ಮತ್ತೆ ಅದೇ ಒಂದು ಬೀಜ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಮಂಟಪ ಕಿಕ್ಕಿರಿದಿತ್ತು. ಮೂರು ಚಾವಡಿಯ ಯಜಮಾನರೂ ಹೊಸ ಪಂಚೆ ಉಟ್ಟು ಬಂದಿದ್ದರು, ಪರಿಹಾರದವರು ಇನ್ನೊಂದು ಬೀಗವನ್ನು ಮುಂಗಡವಾಗಿಯೇ ತಂದಿದ್ದರು. ಎಂಟಣ್ಣ ಅರಿಶಿನ ದಾರ ಹಿಡಿದು ನೆಂಟರ ನಡುವೆ ನಿಂತಿದ್ದ. ಮಗುವನ್ನು ಮಣೆಯ ಮೇಲೆ ಮಲಗಿಸಿದರು. ಸಂಖ್ಯೆ ಹೇಳಬೇಕಾದವಳು ತಾಯಿ.

"ನಾಲ್ಕು" ಎಂದಳು ಒಂಬತ್ತಕ್ಕ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಂಟಣ್ಣ ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡ. ಕೇಳಿಸಿದ್ದು ಸರಿ ಎಂದು ನೆಂಟರ ಮುಖ ನೋಡಿದಾಗ ತಿಳಿಯಿತು. ಹೇಳಿದ ಸಂಖ್ಯೆಯನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಮಗುವಿನ ಸೊಂಟಕ್ಕೆ ದಾರ ಕಟ್ಟಿದ. ಅವನನ್ನು ನೋಡಿ ಅವಳಿಗೆ ಅಯ್ಯೋ ಎನಿಸಿತು, ಆದರೆ ಎದೆ ಗಟ್ಟಿ ಮಾಡಿಕೊಂಡಳು.

ಪಠಣದವನು ವಾಕ್ಯ ಹೇಳಿದ. ತಟ್ಟೆಯವನು ಇಟ್ಟ, ತೆಗೆದ, ಮತ್ತೆ ಇಟ್ಟ, ಜೋಡಿಗಳನ್ನೆಲ್ಲ ಚರಂಡಿಗೆ ಎಸೆದ. ಎಲ್ಲರೂ ಕತ್ತು ಚಾಚಿದರು. ಹಿತ್ತಾಳೆ ತಟ್ಟೆಯ ನಡುವೆ ಒಂದೇ ಒಂದು ಕರಿ ಕಲ್ಲು.

ಆ ಊರಿನಲ್ಲಿ ನಾಲ್ಕು ಎಂದು ಯಾರಿಗೂ ಕಟ್ಟಿರಲಿಲ್ಲ, ಯಾರ ಪಾಲಿಗೂ ಕರಿ ಕಲ್ಲು ಬಂದಿರಲಿಲ್ಲ. ಜನ ಒಂದು ಹೆಜ್ಜೆ ಹಿಂದೆ ಸರಿದರು. ಭಾಗದ ಯಜಮಾನರು ಬಗ್ಗಿ ನೋಡಿ, ಚೂರು ಮಿಕ್ಕಿದೆ, ಆದ್ದರಿಂದ ವಾಕ್ಯ ಈಕೆಯ ಕೋಲಿನಿಂದ ಕಟ್ಟಿದ್ದಲ್ಲ ಎಂದರು. ಪರಿಹಾರದ ಯಜಮಾನರು ಬೀಗವನ್ನು ಜೇಬಿಗೆ ಇಳಿಬಿಟ್ಟು, ತಟ್ಟೆ ಖಾಲಿಯಿಲ್ಲ, ಇವಳು ಪರಿಹಾರವಲ್ಲ ಎಂದರು. ಶೇಷದ ಯಜಮಾನರು ಕಲ್ಲನ್ನು ಕೈಯಿಂದ ಮುಟ್ಟದೆ ಬಾಳೆಲೆಯಲ್ಲಿ ಎತ್ತಿ, ಸಣ್ಣ ಚೀಲವೊಂದಕ್ಕೆ ಹಾಕಿಸಿ, ಅವಸರದಲ್ಲಿ ಎರಡೇ ಹೊಲಿಗೆ ಹಾಕಿಸಿ ತಾಯಿಯ ಕಡೆಗೆ ತಳ್ಳಿದರು. ಇದು ಅಪಶಕುನವೆಂದು ಮೂರು ಚಾವಡಿಯವರೂ ಒಪ್ಪಿದರು. ಇನ್ನು ಈ ಮಗುವಿನ ವಿಷಯಕ್ಕೆ ಯಾವ ಚಾವಡಿಯೂ ಬರತಕ್ಕದ್ದಲ್ಲ ಎಂದು ಅಲ್ಲೇ ತೀರ್ಮಾನವೂ ಆಯಿತು. ಅಜ್ಜಿಯ ಬೀಗಗಳನ್ನು ಬಿಟ್ಟರೆ ಆ ಊರಿನ ಚರಿತ್ರೆಯಲ್ಲಿ ಅವರು ಮೂವರೂ ಒಂದೇ ಮಾತಿಗೆ ಬಂದದ್ದು ಎಂದರೆ ಇದೊಂದೇ. ಒಂಬತ್ತಕ್ಕ ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡಳು, ಮುಖ ಯಾರಿಗೂ ಕಾಣದ ಹಾಗೆ.

ನೆಂಟರು ಊಟಕ್ಕೆ ನಿಲ್ಲಲಿಲ್ಲ. ಎಂಟಣ್ಣ ಜಗಲಿಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಮಗುವನ್ನೆತ್ತಿಕೊಂಡು ಹಿತ್ತಿಲಿಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಎರಡು ಹೊಲಿಗೆ ಹಲ್ಲಿನಿಂದಲೇ ಬಿಚ್ಚಿಕೊಂಡವು. ಕರಿ ಕಲ್ಲು ಕೈಗೆ ಬಂತು. ಆಮೇಲೆ ಅವಳು ತನ್ನ ಬೆನ್ನಿನ ಚೀಲವನ್ನು ಮುಂದಕ್ಕೆ ಎಳೆದುಕೊಂಡು, ಮದುವೆಗೆ ಮುಂಚಿನ ಆ ಹೊಲಿಗೆಯನ್ನು ಈಳಿಗೆಮಣೆಯ ಅಲಗಿನಿಂದ ಒಂದು ಕಡೆ ಸ್ವಲ್ಪವೇ ಕಿತ್ತು, ಬೆರಳು ತೂರಿಸಿ ಒಂದು ಬಿಳಿ ಕಲ್ಲು ಹೊರತೆಗೆದಳು. ಮಗಳ ಕರಿ ಕಲ್ಲಿನ ಪಕ್ಕದಲ್ಲಿ ತನ್ನ ಬಿಳಿ ಕಲ್ಲನ್ನು ಇಟ್ಟಳು. ಮಂಟಪದಲ್ಲಿ ತಟ್ಟೆಯವನು ಅವತ್ತು ಮಾಡಿದ್ದನ್ನೇ ತಾನೂ ಮಾಡಿದಳು. ಎರಡನ್ನೂ ಜೊತೆಯಾಗಿ ಚರಂಡಿಗೆ ಎಸೆದಳು.

ಇಪ್ಪತ್ತನಾಲ್ಕರ ಬದಲು ಇಪ್ಪತ್ತಮೂರು ಹೊರುವುದು ಅಂಥ ಹಗುರವೇನಲ್ಲ. ಬೆನ್ನು ಬಗ್ಗಿದಷ್ಟೇ ಬಗ್ಗಿತ್ತು. ಆದರೆ ಆ ಊರಿನಲ್ಲಿ ಯಾರ ಹೊರೆಯೂ ಬದುಕಿರುವಾಗ ಒಂದು ಕಲ್ಲಿನಷ್ಟಾದರೂ ಇಳಿದ ಉದಾಹರಣೆ ಇರಲಿಲ್ಲ. ಇಳಿಸಿದವಳು ಇನ್ನೂ ಕತ್ತು ನಿಲ್ಲದ ಕೂಸು. ಆ ಕೂಸಿನ ಹತ್ತಿರವೂ ಈಗ ಏನೂ ಉಳಿದಿರಲಿಲ್ಲ. ಒಂಬತ್ತಕ್ಕ ಅದರ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಕೂತುಬಿಟ್ಟಳು.

ಸಂಜೆ ಬೀದಿಯ ಹೆಂಗಸರು ಸಮಾಧಾನ ಹೇಳಲು ಬಂದರು. ಎಷ್ಟು ದೊಡ್ಡ ಮನೆತನ, ಎಂಥ ಹತ್ತಾಗಬೇಕಿದ್ದ ಮಗು, ಹೀಗಾಗಬಾರದಿತ್ತು ಎಂದರು. ಅವಳು ತೋರಿಕೆಗೆ ಅಳತೊಡಗಿದಳು, ಅಳು ನಿಜವಾಗಿಯೇ ಬಂದುಬಿಟ್ಟಿತು. ಬಂದವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬಳು ಹತ್ತಿರ ಸರಿದು ಅವಳ ಬೆನ್ನು ಸವರುತ್ತ, ಹೋಗಲಿ ಬಿಡಕ್ಕ, ಮುಂದಿನದಾದರೂ ಹನ್ನೊಂದಾಗಲಿ ಎಂದು ಹಾರೈಸಿದಳು.